ಗಾಲಿಯ ಅಡೆ ತೆಗೆದರೆ ವಿಮಾನ ಹೊರಟಂತೆಯೇ?

ಮಾನ್ಯರೇ,

ದೇಶದೊಳಗಿನ ವಿಮಾನಗಳ ಸಮಯಪಾಲನೆಯ ಶೇಕಡಾವಾರು ಪಟ್ಟಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಯಾವ ಕಂಪನಿ ಮೊದಲು, ಯಾವುದು ಕೊನೆ ಎಂದು ನಾನೂ ಕುತೂಹಲದಿಂದ ನೋಡುತ್ತಿದ್ದವನೇ. ಹೋದ ತಿಂಗಳು ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಂದ ಮೇಲೆ ಆ ಪಟ್ಟಿಯ ಮೇಲಿನ ನಂಬಿಕೆ ಸಡಿಲಾಗಿದೆ.

ಸಂಜೆ 6.10ರ ವಿಮಾನ. ನನಗೆ ಕಿಟಕಿ ಪಕ್ಕದ ಸೀಟು. ಕೆಳಗೆ ಒಬ್ಬ ಹುಡುಗ ಬಗ್ಗಿ, ಗಾಲಿ ಉರುಳದಂತೆ ಕೊಟ್ಟಿದ್ದ ಹಳದಿ ಅಡೆ ಎಳೆದು ಕಂಕುಳಲ್ಲಿ ಇಟ್ಟುಕೊಂಡು ಹೋದ. ವಾಚು ನೋಡಿಕೊಂಡೆ, 6.22. ವಿಮಾನ ಹಿಂದೆ ಸರಿದು, ಒಂದಿಷ್ಟು ದೂರ ಉರುಳಿ ನಿಂತಿತು. ನಿಂತೇ ಇತ್ತು. ಮುಂದಿನ ಸಾಲಿನ ಮಗು ಅತ್ತು, ಸುಮ್ಮನಾಗಿ, ಮತ್ತೆ ಅಳಲು ಶುರು ಮಾಡಿತು. ಮೇಲೇರಿದ್ದು 7.04ಕ್ಕೆ. 7.25ಕ್ಕೆ ಮುಟ್ಟಬೇಕಿದ್ದ ಹುಬ್ಬಳ್ಳಿಯಲ್ಲಿ ಬಾಗಿಲು ತೆಗೆದಾಗ 8.06. ನಮ್ಮೂರಿನ ಕೊನೆಯ ಬಸ್ಸು 8.30ಕ್ಕೆ. ನಾನು ಬಸ್ ನಿಲ್ದಾಣ ಸೇರುವಷ್ಟರಲ್ಲಿ ಅದು ಊರು ದಾಟಿತ್ತು. ಕಾರಿನವನಿಗೆ 1,400 ರೂಪಾಯಿ ಕೊಟ್ಟೆ.

ಇಷ್ಟಾದರೂ ಲೆಕ್ಕದ ಪ್ರಕಾರ ನನ್ನ ವಿಮಾನ ತಡವಾಗಿಯೇ ಇಲ್ಲ! ನಿಗದಿತ ವೇಳೆಯ 15 ನಿಮಿಷದೊಳಗೆ ಹೊರಟರೆ ಅದು ಸಕಾಲ. ಹೊರಡುವುದು ಎಂದರೆ ನೆಲ ಬಿಡುವುದಲ್ಲ, ನಿಂತ ಜಾಗದಿಂದ ಕದಲುವುದು. ಹುಡುಗ ಅಡೆ ತೆಗೆದದ್ದು ಹನ್ನೆರಡನೆಯ ನಿಮಿಷದಲ್ಲಿ. ಪಾಸು. ಆಮೇಲಿನ ನಲವತ್ತೆರಡು ನಿಮಿಷ ಹೊರಟ ಲೆಕ್ಕದಲ್ಲಿ ಕಾಣುವುದಿಲ್ಲ. ಹಾಗಾದರೆ ತಲುಪಿದ ಹೊತ್ತು? ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮಾಸಿಕ ಪಟ್ಟಿಗೆ ಅಂಕಿಅಂಶ ಬರುವುದು ಬೆಂಗಳೂರು, ದೆಹಲಿ, ಮುಂಬಯಿ, ಹೈದರಾಬಾದಿನಂಥ ಮಹಾನಗರಗಳಿಂದ. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಮಂಗಳೂರಿಗೆ ಎಷ್ಟು ಹೊತ್ತಿಗೆ ಬಂದಿರೆಂದು ಆ ಪಟ್ಟಿ ಕೇಳುವುದಿಲ್ಲ.

ಟಿಕೆಟ್‌ನಲ್ಲಿ ಬರೆದಿರುವ ಪ್ರಯಾಣದ ಅವಧಿಯೂ ಕಂಪನಿಯವರೇ ಹಾಕಿಕೊಳ್ಳುವುದು. ಹತ್ತಿಪ್ಪತ್ತು ನಿಮಿಷ ಹಿಗ್ಗಿಸಿಟ್ಟುಕೊಂಡರೆ ತಡವಾಗಿ ಎದ್ದ ವಿಮಾನವೂ ಸಮಯಕ್ಕೆ ಇಳಿಯುತ್ತದೆ, ‘ಹೊತ್ತಿಗೆ ಮುಂಚೆಯೇ ತಲುಪಿದ್ದೇವೆ’ ಎಂಬ ಘೋಷಣೆಯೂ ಕಿವಿಗೆ ಬೀಳುತ್ತದೆ. ಇದನ್ನು ಮೋಸ ಎನ್ನಲಾರೆ. ರನ್‌ವೇ ಮುಂದಿನ ಸಾಲು ನಿಜ, ಸಂಜೆಯ ಮಳೆಯೂ ನಿಜ. ಒಂದೇ ವಿಮಾನ ಬೆಳಗಿನಿಂದ ನಾಲ್ಕೈದು ಊರು ಸುತ್ತುವಾಗ ಮೊದಲ ಸುತ್ತಿನ ತಡ ಕೊನೆಯ ಸುತ್ತಿನವರ ತಲೆಗೆ ಬರುತ್ತದೆ. ನಿರ್ದೇಶನಾಲಯ ಕೊಡುವ ಕಾರಣಗಳಲ್ಲೂ ದೊಡ್ಡ ಪಾಲು ಇದರದೇ. ನಮ್ಮಂಥ ಊರುಗಳಿಗೆ ಸಿಗುವುದು ಹೆಚ್ಚಾಗಿ ಆ ಕೊನೆಯ ಸುತ್ತೇ.

ಅಮೆರಿಕದಲ್ಲಿ 1987ರಿಂದ ದೊಡ್ಡ ಕಂಪನಿಗಳು ಸರ್ಕಾರಕ್ಕೆ ಈ ಲೆಕ್ಕ ಒಪ್ಪಿಸುತ್ತಿವೆ. ಅಲ್ಲಿ ಮುಖ್ಯವಾಗಿ ನೋಡುವುದು ತಲುಪಿದ ಹೊತ್ತನ್ನು. ರದ್ದಾದ ವಿಮಾನವನ್ನೂ ಸಮಯಕ್ಕೆ ಬಾರದ್ದು ಎಂದೇ ಎಣಿಸುತ್ತಾರೆ. ನಮ್ಮಲ್ಲಿ ರದ್ದತಿಗೆ ಬೇರೆಯೇ ಕೋಷ್ಟಕ.

ಪರಿಹಾರ ಕೇಳಲು ನಾನು ಇದನ್ನು ಬರೆಯುತ್ತಿಲ್ಲ. ನಿಯಮದಂತೆ ಚಿಕ್ಕ ಪ್ರಯಾಣಕ್ಕೆ ತಿಂಡಿ, ಪಾನೀಯ ಕೊಡುವುದೂ ಎರಡು ತಾಸು ತಡವಾದ ಮೇಲೆ. ನನ್ನದು ಮುಕ್ಕಾಲು ತಾಸೂ ಆಗಿರಲಿಲ್ಲ. ನಾನು ಕೇಳುವುದು ಇಷ್ಟೇ: ಪಟ್ಟಿಯಲ್ಲಿ ಜಿಲ್ಲಾ ನಿಲ್ದಾಣಗಳೂ ಇರಲಿ. ಪ್ರತಿ ಮಾರ್ಗದಲ್ಲಿ ತಲುಪಿದ ಹೊತ್ತು ಸರಾಸರಿ ಎಷ್ಟು ನಿಮಿಷ ತಡ ಎಂಬುದೂ ಬರಲಿ. ಹದಿನಾರು ನಿಮಿಷ ತಡವಾದದ್ದನ್ನೂ ಐದು ತಾಸು ತಡವಾದದ್ದನ್ನೂ ಒಂದೇ ಚೀಲಕ್ಕೆ ತುಂಬಿದರೆ, 8.30ರ ಬಸ್ಸು ಹಿಡಿಯಬೇಕಾದವನು 6.10ರ ಟಿಕೆಟ್ ತೆಗೆಯಬೇಕೋ ಮಧ್ಯಾಹ್ನದ್ದೋ ಎಂದು ತಿಳಿಯುವುದು ಹೇಗೆ?

– ಓದುಗ, ಕಲಘಟಗಿ ತಾಲ್ಲೂಕು