ಮೇಘಾಗೊಂದು ಪತ್ರ: ಹಳೆಯ ಟಿವಿಯ ಯುದ್ಧನೌಕೆಗಳ ಬಗ್ಗೆ

ಪ್ರೀತಿಯ ಮೇಘಾ,

ದೊಡ್ಡಪ್ಪನ ಆಶೀರ್ವಾದಗಳು. ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಹಳೆಯ ಟಿವಿ ನಾಟಕಗಳು ನೌಕಾಯುದ್ಧವನ್ನು ಹೇಗೆ ತೋರಿಸಿದವು ಎಂಬ ವಿಷಯವನ್ನು ನೀನಾಗಿಯೇ ಆರಿಸಿಕೊಂಡೆಯಲ್ಲ, ಅದು ನನಗೆ ತುಂಬಾ ಖುಷಿ ಕೊಟ್ಟಿತು. ಆದರೆ ಮೂರನೇ ಪುಟದಲ್ಲಿ "ಇವೆಲ್ಲ ಬರೀ ಸುಳ್ಳಿನ ಕಂತೆ" ಎಂದು ಬರೆದಿದ್ದೀಯ. ಆ ಒಂದು ಸಾಲಿಗಾಗಿ ಈ ಪತ್ರ. ಫೋನಿನಲ್ಲೇ ಹೇಳಬಹುದಿತ್ತು. ಬರೆದರೆ ಬೇಕಾದಾಗ ಮತ್ತೆ ತೆಗೆದು ಓದುತ್ತೀಯ ಅಲ್ವಾ?

ನಾನು ಸರಕು ಹಡಗುಗಳ ಇಂಜಿನ್ ರೂಮಿನಲ್ಲಿ ಇಪ್ಪತ್ತಾರು ವರ್ಷ ದುಡಿದವನು. ಯುದ್ಧ ನೋಡಿದವನಲ್ಲ. ಆದರೂ ನೀರಿನ ಮಟ್ಟಕ್ಕಿಂತ ಕೆಳಗೆ, ಮೇಲೆ ಏನಾಗುತ್ತಿದೆ ಎಂದು ತಿಳಿಯದೆ, ಕಿವಿಯನ್ನೇ ನಂಬಿಕೊಂಡು ನಿಲ್ಲುವುದು ಹೇಗಿರುತ್ತದೆ ಎಂಬುದು ನನಗೆ ಗೊತ್ತು. ಇಂಥ ಕಥೆ ನೋಡುವಾಗ ನನ್ನ ಗಮನ ಕ್ಯಾಪ್ಟನ್‌ನ ಮಾತಿಗಿಂತ ಜಾಸ್ತಿ ಕೆಳಗೆ ನಿಂತವರ ಮುಖದ ಮೇಲೆ ಇರುತ್ತದೆ.

ನೀನು ಜಾಸ್ತಿ ಟೀಕೆ ಮಾಡಿರುವುದು "ದ ಸೈಲೆಂಟ್ ಸರ್ವಿಸ್" ಎಂಬ ಸಬ್‌ಮರೀನ್ ಕಥೆಗಳ ಸರಣಿಯನ್ನು. ಅದು 1957 ಮತ್ತು 1958ರಲ್ಲಿ ಅಮೆರಿಕದಲ್ಲಿ ಬಂತು. ಒಂದೊಂದು ಕಂತೂ ಅರ್ಧ ಗಂಟೆ, ಅದರಲ್ಲೇ ಜಾಹೀರಾತು ಕೂಡ. ಕಥೆ ಹೇಳುತ್ತಿದ್ದವರು ಥಾಮಸ್ ಡೈಕರ್ಸ್. ಅವರು ನಟರಲ್ಲ. ನೌಕಾಪಡೆಯ ಹಿರಿಯ ಅಧಿಕಾರಿ, ನಿವೃತ್ತ ರಿಯರ್ ಅಡ್ಮಿರಲ್. ಎರಡನೇ ಮಹಾಯುದ್ಧದಲ್ಲಿ "ಜ್ಯಾಕ್" ಎಂಬ ಸಬ್‌ಮರೀನಿನ ಕಮಾಂಡರ್ ಆಗಿದ್ದವರು. ಕಂತಿನ ಕೊನೆಗೆ ಆ ಘಟನೆಯಲ್ಲಿ ನಿಜವಾಗಿ ಇದ್ದ ನಾವಿಕರನ್ನು ಕರೆತಂದು ಮಾತಾಡಿಸುತ್ತಿದ್ದರು. ಆ ಯುದ್ಧದಲ್ಲಿ ಅಮೆರಿಕದ 52 ಸಬ್‌ಮರೀನುಗಳು ಮುಳುಗಿದವು. ಸುಮಾರು 3,500 ಜನ ಹಿಂತಿರುಗಲಿಲ್ಲ. ಕ್ಯಾಮೆರಾ ಮುಂದೆ ಕೂತಿದ್ದವರು ಉಳಿದು ಬಂದವರು. ಅವರ ಮುಂದೆ ನಿಂತು ಸುಳ್ಳು ಎನ್ನುವುದು ಅಷ್ಟು ಸುಲಭ ಅಲ್ಲ ಮಗಳೇ.

ಹಾಗಂತ ಎಲ್ಲವನ್ನೂ ನಂಬು ಎಂದು ನಾನು ಹೇಳುತ್ತಿಲ್ಲ. ನೌಕಾಪಡೆಯ ಸಹಕಾರದಿಂದ ತೆಗೆದ ಸರಣಿ ಅದು. ಹಡಗು ಕೊಟ್ಟವರಿಗೆ ನೋವಾಗುವ ಮಾತು ಅಲ್ಲಿ ದೊಡ್ಡ ದನಿಯಲ್ಲಿ ಬರುವುದು ಕಷ್ಟ.

ಒಂದು ಉದಾಹರಣೆ ಹೇಳುತ್ತೇನೆ, ಸ್ವಲ್ಪ ಉದ್ದವೇ ಆಗುತ್ತದೆ. ನಾಟಕದ ದಾಳಿ ನಿನಗೆ ಬಾಯಿಪಾಠ ಆಗಿರಬೇಕು. ಪೆರಿಸ್ಕೋಪ್ ಮೇಲೇಳುತ್ತದೆ, ಕ್ಯಾಪ್ಟನ್ "ಫೈರ್" ಎನ್ನುತ್ತಾನೆ, ನೀರಿನೊಳಗೆ ಸಾಗಿ ಸಿಡಿಯುವ ಟಾರ್ಪೆಡೊ ನೇರವಾಗಿ ಹೋಗಿ ಬಡಿಯುತ್ತದೆ, ಶತ್ರು ಹಡಗು ಹೊತ್ತಿಕೊಳ್ಳುತ್ತದೆ. ಆದರೆ ಅಮೆರಿಕ ಯುದ್ಧಕ್ಕಿಳಿದ ಮೊದಲ ಸುಮಾರು 21 ತಿಂಗಳು ಅವರ ಮುಖ್ಯ ಟಾರ್ಪೆಡೊ, ಮಾರ್ಕ್ 14, ಬಹಳ ಸಲ ಹಾಗೆ ಕೆಲಸ ಮಾಡುತ್ತಿರಲಿಲ್ಲ. ಹೇಳಿದ ಆಳಕ್ಕಿಂತ ಸುಮಾರು 10 ಅಡಿ ಕೆಳಗೆ ಹೋಗುತ್ತಿತ್ತು. ಎಷ್ಟೋ ಸಲ ಹಡಗು ತಲುಪುವ ಮೊದಲೇ ಸಿಡಿಯುತ್ತಿತ್ತು. ಇವೆರಡನ್ನು ಸರಿಪಡಿಸಿದ ಮೇಲೆ ಮೂರನೇ ದೋಷ ಎದುರಾಯಿತು: ಬಡಿದರೂ ಸಿಡಿಯುತ್ತಿರಲಿಲ್ಲ.

1943ರ ಜುಲೈ 24ರಂದು "ಟಿನೋಸಾ" ಎಂಬ ಸಬ್‌ಮರೀನ್ ಜಪಾನಿನ ದೊಡ್ಡ ಹಡಗು "ತೋನಾನ್ ಮಾರು 3"ರ ಮೇಲೆ ದಾಳಿ ಮಾಡಿತು. ಹಡಗು ನಿಂತುಬಿಟ್ಟಿತ್ತು. ಕಮಾಂಡರ್ ಡ್ಯಾಸ್ಪಿಟ್ ಸರಿಯಾದ ಕೋನ ಹಿಡಿದು, ಸಮಾಧಾನದಿಂದ, ಒಂದಾದ ಮೇಲೊಂದು ಬಿಟ್ಟರು. ಒಟ್ಟು 15 ಟಾರ್ಪೆಡೊ. ಹೆಚ್ಚಿನವು ಹೋಗಿ ತಗುಲಿ ಸುಮ್ಮನಾದವು. ಉಳಿದ ಒಂದನ್ನು ಅವರು ಬಿಡಲಿಲ್ಲ. ಪರೀಕ್ಷೆಗೆ ಬೇಕು ಎಂದು ಹವಾಯಿಯ ನೌಕಾನೆಲೆ ಪರ್ಲ್ ಹಾರ್ಬರ್‌ಗೆ ವಾಪಸ್ ತಂದರು. ಅಲ್ಲಿ ಟಾರ್ಪೆಡೊದ ತಲೆಭಾಗವನ್ನು ಸ್ಫೋಟಕ ಇಲ್ಲದೆ ಕ್ರೇನಿನಿಂದ ಉಕ್ಕಿನ ತಗಡಿನ ಮೇಲೆ ಬೀಳಿಸಿ ನೋಡಿದರು. ನೇರ ಬಡಿದಾಗ ಒಳಗಿನ ಫೈರಿಂಗ್ ಪಿನ್ ಹೊಡೆತಕ್ಕೆ ಸಿಕ್ಕಿ ಕೆಡುತ್ತಿತ್ತು. ಓರೆಯಾಗಿ ಬಡಿದರೆ ಸಿಡಿಯುವ ಸಾಧ್ಯತೆ ಜಾಸ್ತಿ ಇತ್ತು. ಅಂದರೆ ನಾಟಕದಲ್ಲಿ ನಾವು ಚಪ್ಪಾಳೆ ಹೊಡೆಯುವ ಆ ಅಚ್ಚುಕಟ್ಟಾದ ನೇರ ಹೊಡೆತವೇ ನಿಜದಲ್ಲಿ ಜಾಸ್ತಿ ಕೈಕೊಡುತ್ತಿದ್ದ ಹೊಡೆತ! ಇಂಜಿನ್ ಕೆಲಸ ಮಾಡಿದ ನನಗೆ ಆ ಪಿನ್ನಿನ ಕಥೆ ಯಾವ ಸ್ಫೋಟಕ್ಕಿಂತಲೂ ದೊಡ್ಡದು. ಕೆಳಗಿನವರು ತಮ್ಮ ಕೆಲಸ ಸರಿಯಾಗಿ ಮಾಡಿ, ಕೊಟ್ಟ ಸಾಮಾನು ಕೆಟ್ಟಿದ್ದರಿಂದ ಬೈಗುಳ ತಿಂದರು. ನನ್ನ ಹಡಗಿನಲ್ಲೂ ಒಮ್ಮೆ ಕೆಟ್ಟ ಬಿಡಿಭಾಗಕ್ಕೆ ಒಬ್ಬ ಹುಡುಗ ಬೈಸಿಕೊಂಡ. ಅವನ ಮುಖ ಇಂದಿಗೂ ಮರೆತಿಲ್ಲ.

ಇನ್ನೊಂದು ಮಾತು, ಇದು ನಿನ್ನ ಲೇಖನದಲ್ಲಿ ಬರಲೇಬೇಕು. ಆ ಕಥೆಗಳಲ್ಲಿ ಕ್ಯಾಪ್ಟನ್‌ಗೆ ಶತ್ರುವಿನ ಹಡಗು ಹೇಗೆ ಸಿಗುತ್ತದೆ? ಅನುಭವದಿಂದ, ಅದೃಷ್ಟದಿಂದ. ಅಷ್ಟು ದೊಡ್ಡ ಪೆಸಿಫಿಕ್ ಸಾಗರದಲ್ಲಿ! ನಿಜವಾಗಿ ಎಷ್ಟೋ ಸಲ ಜಪಾನಿನವರ ಗುಪ್ತ ಸಂಕೇತಗಳನ್ನು ಒಡೆದು ಓದಿದವರು ದಾರಿ ತಿಳಿಸುತ್ತಿದ್ದರು. ಯಾವ ಸರಕು ಹಡಗುಗಳ ಸಾಲು ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂಬ ಸುದ್ದಿ ಸಬ್‌ಮರೀನಿಗೆ ಬರುತ್ತಿತ್ತು. ಆ ಕೆಲಸದ ವಿವರ 1970ರ ದಶಕದವರೆಗೂ ಹೆಚ್ಚಾಗಿ ಗುಟ್ಟಾಗಿಯೇ ಉಳಿಯಿತು. ಅಟ್ಲಾಂಟಿಕ್ ಕಡೆಯೂ ಅದೇ. 1941ರ ಮೇ ತಿಂಗಳಲ್ಲಿ ಬ್ರಿಟಿಷರು ಜರ್ಮನಿಯ ಯು-110 ಸಬ್‌ಮರೀನಿನಿಂದ ಗುಪ್ತ ಸಂಕೇತ ಬರೆಯುವ ಎನಿಗ್ಮಾ ಯಂತ್ರವನ್ನೂ ಸಂಕೇತದ ಪುಸ್ತಕಗಳನ್ನೂ ತೆಗೆದುಕೊಂಡದ್ದು ದಶಕಗಳ ಕಾಲ ಹೊರಗೆ ಬರಲಿಲ್ಲ. 1957ರಲ್ಲಿ ಕಥೆ ಬರೆದವನಿಗೆ ಇದು ತಿಳಿದಿರಲಿಕ್ಕಿಲ್ಲ, ತಿಳಿದಿದ್ದರೂ ಬಾಯಿ ಬಿಡುವಂತಿರಲಿಲ್ಲ. ಆ ಖಾಲಿ ಜಾಗವನ್ನು ಅದೃಷ್ಟದಿಂದ ತುಂಬಿದರು. ಇದನ್ನು ಸುಳ್ಳು ಎಂದು ಕರೆಯಬೇಡ. ಯಾವ ವರ್ಷದಲ್ಲಿ ಕೂತು ಹೇಳುತ್ತಿದ್ದಾರೆ ಎಂಬುದನ್ನು ಪ್ರತಿ ಸಲ ಕೇಳಿಕೋ.

ಯಾರ ಹೆಸರು ಬಿಟ್ಟುಹೋಗಿದೆ ಎಂದೂ ನೋಡು. ಅಮೆರಿಕದ "ನೇವಿ ಲಾಗ್" ಟಿವಿ ಸರಣಿ 1957ರಲ್ಲಿ ಪಿಟಿ-109 ಎಂಬ ಟಾರ್ಪೆಡೊ ದೋಣಿಯ ಕಥೆ ತೋರಿಸಿತು. 1943ರ ಆಗಸ್ಟ್ 2ರ ಕತ್ತಲಲ್ಲಿ ಸೊಲೊಮನ್ ದ್ವೀಪಗಳ ಹತ್ತಿರ ಜಪಾನಿನ ಡಿಸ್ಟ್ರಾಯರ್ ಯುದ್ಧನೌಕೆ "ಅಮಾಗಿರಿ" ಆ ದೋಣಿಯನ್ನು ಸೀಳಿತ್ತು. 13 ಜನರಲ್ಲಿ ಇಬ್ಬರು ಸತ್ತರು. ದೋಣಿಯ ಕಮಾಂಡರ್ ಜಾನ್ ಕೆನಡಿ, ಮುಂದೆ ಅಧ್ಯಕ್ಷರಾದವರು. ಸುಟ್ಟು ಗಾಯಗೊಂಡವನ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಎಳೆದುಕೊಂಡು ಈಜಿದರು. ಅದು ಎಲ್ಲರಿಗೂ ಗೊತ್ತು. ಆದರೆ ಅವರನ್ನು ಹುಡುಕಿ, ತೆಂಗಿನ ಚಿಪ್ಪಿನ ಮೇಲೆ ಕೆತ್ತಿದ ಸಂದೇಶವನ್ನು ಜಪಾನಿನವರ ಕಣ್ಣು ತಪ್ಪಿಸಿ ಕಿರುದೋಣಿಯಲ್ಲಿ ಒಯ್ದವರು ಬಿಯುಕು ಗಾಸಾ ಮತ್ತು ಎರೋನಿ ಕುಮಾನಾ ಎಂಬ ಆ ದ್ವೀಪಗಳ ಇಬ್ಬರು. ಈ ಕಥೆಯನ್ನು ಯಾರೇ ಹೇಳಲಿ, ಆ ಎರಡು ಹೆಸರಿಗಾಗಿ ಕಾದು ಕೇಳು.

ಜರ್ಮನ್ ಸಬ್‌ಮರೀನಿನ ಕಥೆ "ಡಾಸ್ ಬೋಟ್" ಬಗ್ಗೆ ನೀನು ಬರೆದದ್ದು ಚೆನ್ನಾಗಿದೆ. 1980ರ ದಶಕದಲ್ಲಿ ಟಿವಿಗೆ ಬಂದ ಸುಮಾರು ಐದು ಗಂಟೆಯ ರೂಪವನ್ನೇ ನೋಡು. ಕಾಯುವುದು, ಬೇಸರ, ಬೂಸ್ಟು ಹಿಡಿದ ರೊಟ್ಟಿ, ಎಲ್ಲಕ್ಕೂ ಅಲ್ಲಿ ಜಾಗ ಇದೆ. ಹಡಗಿನ ಬದುಕಿನಲ್ಲಿ ಮುಕ್ಕಾಲು ಪಾಲು ಅದೇ.

ಇನ್ನು "ಮಿಷನ್ ಆಫ್ ದ ಶಾರ್ಕ್". 1991ರ ಟಿವಿ ಚಿತ್ರ. ನೀನು ಇದಕ್ಕೆ ಎರಡೇ ಸಾಲು ಕೊಟ್ಟಿದ್ದೀಯ, ಅದೂ ಶಾರ್ಕ್‌ಗಳ ಬಗ್ಗೆ. ದಯವಿಟ್ಟು ಇನ್ನೊಂದು ಸಲ ನೋಡು. ಅಣುಬಾಂಬಿನ ಭಾಗಗಳನ್ನು ಪೆಸಿಫಿಕ್‌ನ ಟಿನಿಯನ್ ದ್ವೀಪಕ್ಕೆ ಮುಟ್ಟಿಸಿದ ಅಮೆರಿಕದ "ಇಂಡಿಯಾನಾಪೊಲಿಸ್" ಹಡಗನ್ನು 1945ರ ಜುಲೈ 30ರ ಮಧ್ಯರಾತ್ರಿ ಕಳೆದ ಮೇಲೆ ಜಪಾನಿನ ಐ-58 ಸಬ್‌ಮರೀನ್ ಹೊಡೆಯಿತು. ಸುಮಾರು 12 ನಿಮಿಷದಲ್ಲಿ ಹಡಗು ಮುಳುಗಿತು. ಹಡಗಿನಲ್ಲಿದ್ದವರು 1,195. ಅದು ಬಂದರಿಗೆ ಬಂದಿಲ್ಲ ಎಂದು ಯಾರೂ ವಿಚಾರಿಸಲಿಲ್ಲ. ನೀರಿನಲ್ಲಿ ತೇಲುತ್ತಿದ್ದವರು ಆಗಸ್ಟ್ 2ರಂದು ಒಂದು ಗಸ್ತು ವಿಮಾನದ ಕಣ್ಣಿಗೆ ಬಿದ್ದದ್ದು ಆಕಸ್ಮಿಕ. ಕೊನೆಗೆ ಉಳಿದವರು 316. ಶಾರ್ಕ್ ಬಂದದ್ದು ನಿಜ. ಆದರೆ ಬಾಯಾರಿಕೆ, ಬಿಸಿಲು, ತಡೆಯಲಾರದೆ ಕುಡಿದ ಉಪ್ಪುನೀರು ಇನ್ನೂ ಜಾಸ್ತಿ ಜನರನ್ನು ತೆಗೆದುಕೊಂಡವು.

ಆಮೇಲೆ ಕ್ಯಾಪ್ಟನ್ ಚಾರ್ಲ್ಸ್ ಮೆಕ್‌ವೇ ಮೇಲೆಯೇ ಸೇನಾ ವಿಚಾರಣೆ ನಡೆಯಿತು. ಟಾರ್ಪೆಡೊ ತಪ್ಪಿಸಲು ಹಡಗನ್ನು ಅಂಕುಡೊಂಕಾಗಿ ನಡೆಸಲಿಲ್ಲ ಎಂಬ ಆರೋಪ. ಐ-58ರ ಕಮಾಂಡರ್ ಹಶಿಮೊಟೊ ಅವರನ್ನೇ ಸಾಕ್ಷಿಗೆ ಕರೆತಂದರು. ಹಾಗೆ ನಡೆಸಿದ್ದರೂ ನಾನು ಹೊಡೆಯುತ್ತಿದ್ದೆ ಎಂಬ ಅರ್ಥದಲ್ಲೇ ಅವರು ಹೇಳಿದರು. ಆದರೂ ತೀರ್ಪು ಮೆಕ್‌ವೇ ವಿರುದ್ಧ ಬಂತು. 1968ರಲ್ಲಿ ಅವರು ತಮ್ಮ ಪ್ರಾಣ ತಾವೇ ತೆಗೆದುಕೊಂಡರು. ಅಮೆರಿಕದ ಸಂಸತ್ತು ಅವರದು ತಪ್ಪಲ್ಲ ಎಂದು ಹೇಳಿದ್ದು 2000ದಲ್ಲಿ. ಟಿವಿ ಚಿತ್ರ ಬಂದದ್ದು ಅದಕ್ಕೆ ಒಂಬತ್ತು ವರ್ಷ ಮೊದಲು, ಆ ಕಳಂಕ ಇನ್ನೂ ಕಾಗದದ ಮೇಲಿದ್ದಾಗ. ಹಡಗಿನ ಅವಶೇಷ ಸಿಕ್ಕಿದ್ದು 2017ರಲ್ಲಿ, ಸುಮಾರು 5,500 ಮೀಟರ್ ಆಳದಲ್ಲಿ.

ಅದಕ್ಕೇ ಹೇಳುತ್ತೇನೆ, ಮೂರನೇ ಪುಟದ ಆ ಸಾಲು ತೆಗೆದುಹಾಕು. ಅಲ್ಲಿಂದ ಮುಂದಕ್ಕೆ ಒಂದೊಂದು ನಾಟಕದ ಪಕ್ಕದಲ್ಲೂ ಅದು ಬಂದ ವರ್ಷ ಬರೆದುಕೋ, ಆ ವರ್ಷಕ್ಕೆ ಹೊರಗೆ ಬಂದಿದ್ದ ಸಂಗತಿ ಎಷ್ಟು ಎಂದು ನೋಡು. ಶುರುವಿಗೆ ಡ್ಯಾಸ್ಪಿಟ್ ವಾಪಸ್ ತಂದ ಆ ಒಂದು ಟಾರ್ಪೆಡೊವನ್ನು ಇಡು, ಓದುವವರು ಎದ್ದು ಹೋಗುವುದಿಲ್ಲ. ತಿದ್ದಿದ ಪ್ರತಿಯನ್ನು ಕಳಿಸು. ಅಕ್ಷರ ಸ್ವಲ್ಪ ದೊಡ್ಡದಾಗಿರಲಿ, ಅಂಚಿನಲ್ಲಿ ನನಗೆ ಬರೆಯಲು ಜಾಗ ಬಿಡು.

ನಿನ್ನ ದೊಡ್ಡಪ್ಪ