ಭಾನುವಾರದ ಪಾಠ: ‘ಸಿನ್ಸ್’

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 7ಕ್ಕೆ ನಮ್ಮ ಇಂಗ್ಲಿಷ್ ಅಭ್ಯಾಸದಲ್ಲಿ ‘ಸಿನ್ಸ್’ ಪದ ನೋಡೋಣ. ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುತ್ತಿರುವವರು ದಯವಿಟ್ಟು ತಪ್ಪಿಸಬೇಡಿ.

ನಮ್ಮಲ್ಲಿ ಜಾಸ್ತಿ ಜನ ‘ಸಿನ್ಸ್ ಟೂ ಇಯರ್ಸ್’ ಅನ್ನುತ್ತಾರೆ. ಅದು ತಪ್ಪು. ಯಾವಾಗ ಶುರುವಾಯಿತು ಅನ್ನುವುದಕ್ಕೆ ‘ಸಿನ್ಸ್ ಮಂಡೇ’, ‘ಸಿನ್ಸ್ 2022’, ಎಷ್ಟು ಕಾಲ ಅನ್ನುವುದಕ್ಕೆ ‘ಫಾರ್ ಟೂ ಇಯರ್ಸ್’. ಕನ್ನಡದಲ್ಲಿ ಸೋಮವಾರದಿಂದ, ಎರಡು ವರ್ಷದಿಂದ ಅಂತ ಎರಡಕ್ಕೂ ‘ಇಂದ’ ಸಾಕಲ್ವಾ, ಅದಕ್ಕೇ ಈ ಗೊಂದಲ. ಜೊತೆಗೆ ಇಂಥ ವಾಕ್ಯಗಳಲ್ಲಿ ‘ಐ ಆಮ್ ವರ್ಕಿಂಗ್’ ಅಲ್ಲ, ‘ಐ ಹ್ಯಾವ್ ಬೀನ್ ವರ್ಕಿಂಗ್’ ಬರಬೇಕು. ‘ಸಿನ್ಸ್ ಇಟ್ ವಾಸ್ ರೇನಿಂಗ್’ ಅಂದರೆ ಮಳೆ ಬರುತ್ತಿದ್ದ ಕಾರಣ, ಅದು ಇನ್ನೊಂದು ಅರ್ಥ.

ಶನಿವಾರ ರಾತ್ರಿಯೊಳಗೆ ಎರಡೂ ಅರ್ಥಕ್ಕೆ ಒಂದೊಂದು ಸ್ವಂತ ವಾಕ್ಯ ಇಲ್ಲೇ ಹಾಕಿ, ತಪ್ಪಿದ್ದರೂ ಪರವಾಗಿಲ್ಲ. ಬರುವವರು ಇವತ್ತೇ ತಿಳಿಸಿ.