ಇನ್ನೊಂದು ದಾರಿ ಇತ್ತು, ನಮಗೆ ಹೇಳಲಿಲ್ಲ ಯಾಕೆ?

ಇವರಿಗೆ,
ಆಸ್ಪತ್ರೆಯ ಆಡಳಿತಾಧಿಕಾರಿಗಳು ಮತ್ತು
ಆರೋಗ್ಯ ವಿಮೆ ಸಹಾಯ ಕೌಂಟರಿನ ಮೇಲ್ವಿಚಾರಕರು

ವಿಷಯ: ಕೇರಳ ಸರ್ಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ಕಾರ್ಡು ಇದ್ದರೂ ನಮ್ಮಿಂದ ಹಣ ಕಟ್ಟಿಸಿಕೊಂಡ ಬಗ್ಗೆ

ಮಾನ್ಯರೇ,

ಇದು ಫೋನಿನಲ್ಲೇ ಮುಗಿಯಬೇಕಿದ್ದ ವಿಚಾರ. ನಿಮ್ಮ ಆಫೀಸಿಗೆ ಎಷ್ಟೋ ಸಲ ಫೋನ್ ಮಾಡಿ ಮರ್ಯಾದೆಯಿಂದಲೇ ಕೇಳಿದ್ದೇನೆ. "ಸಾರ್ ಮೀಟಿಂಗಿನಲ್ಲಿದ್ದಾರೆ", "ನಾಳೆ ಮಾಡಿ", "ಕೌಂಟರಿನವರನ್ನೇ ಕೇಳಿ" ಎಂಬ ಉತ್ತರ ಬಿಟ್ಟು ಬೇರೇನೂ ಸಿಗಲಿಲ್ಲ. ಕೌಂಟರಿನವರ ಮೇಲಿನ ದೂರನ್ನು ಅವರಿಗೇ ಹೇಳುವುದು ಹೇಗೆ? ಮೊನ್ನೆಯಂತೂ ನನ್ನ ಮಾತು ಮುಗಿಯುವ ಮೊದಲೇ ಫೋನ್ ಇಟ್ಟರು. ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ಅತ್ತೆ ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನಮ್ಮ ಮಂಜೇಶ್ವರದ ಕಡೆ ಕಾಯಿಲೆ ಜೋರಾದರೆ ಮಂಗಳೂರೇ ಗತಿ ಅಲ್ವಾ. ಆದರೆ ನಿಮ್ಮ ಬಾಗಿಲಲ್ಲಿ ಈ ಯೋಜನೆಯ ಬೋರ್ಡು ಇದೆ. ಅದನ್ನು ನಂಬಿಯೇ ನಿಮ್ಮಲ್ಲಿಗೆ ಕರೆತಂದೆವು.

ಯೋಜನೆಯ ನಿಯಮ ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆ ಉಚಿತ. ವಯಸ್ಸಿನ ಮಿತಿ ಇಲ್ಲ. ಔಷಧಿ, ಪರೀಕ್ಷೆ, ಮೂಳೆಗೆ ಹಾಕುವ ಇಂಪ್ಲಾಂಟ್, ಮನೆಗೆ ಹೋದ ಮೇಲಿನ 15 ದಿನಗಳ ಖರ್ಚು, ಎಲ್ಲ ಅದರಲ್ಲೇ ಬರುತ್ತದೆ. ರೋಗಿ ಮೊದಲು ಹಣ ಕಟ್ಟಿ ಆಮೇಲೆ ಕೇಳುವ ಯೋಜನೆ ಇದಲ್ಲ. ಹಣ ನೀವು ಸರ್ಕಾರದಿಂದ ಪಡೆಯಬೇಕು. ನಿಮ್ಮ ಕೌಂಟರ್ ಇರುವುದೂ ಅದಕ್ಕೇ.

ಆ ಕೌಂಟರಿನಲ್ಲಿ ಏನು ನಡೆಯಿತು ಎಂದು ಕೇಳಿ. ಬೆರಳಚ್ಚು ಕೊಡಲು ರೋಗಿಯೇ ಬರಬೇಕು ಎಂದರು. ಮುರಿದ ಸೊಂಟದ ಮುದುಕಿಯನ್ನು ಕ್ಯಾಶುವಾಲಿಟಿಯಿಂದ ಸ್ಟ್ರೆಚರಿನಲ್ಲಿ ತಳ್ಳಿಕೊಂಡು ಬಂದೆವು. ಬೆರಳಚ್ಚು ಯಂತ್ರದ ವಯರು ಗಿಡ್ಡ, ಗಾಜಿನ ಕಿಂಡಿಯಿಂದ ಹೊರಗೆ ಬರುವುದಿಲ್ಲ. ಅತ್ತೆಯ ಕೈಯನ್ನೇ ಕಿಂಡಿಯೊಳಗೆ ತೂರಿಸಿ ಹಿಡಿದೆ. ಪ್ರತಿ ಸಲ ಕೈ ಎಳೆದಾಗಲೂ ಅವರು ಹಲ್ಲು ಕಚ್ಚುತ್ತಿದ್ದರು. ಅತ್ತೆ ಸಣ್ಣ ಪ್ರಾಯದಿಂದ ಬೀಡಿ ಕಟ್ಟಿದವರು. ಹೆಬ್ಬೆರಳಿನ ಗೆರೆಯೆಲ್ಲ ಸವೆದು ನುಣ್ಣಗಾಗಿದೆ. ಒರೆಸಿ ಇಟ್ಟರೂ, ಒದ್ದೆ ಮಾಡಿ ಇಟ್ಟರೂ, ಬೇರೆ ಬೆರಳು ಇಟ್ಟರೂ ಯಂತ್ರ ತೆಗೆದುಕೊಳ್ಳಲಿಲ್ಲ. ಓಟಿಪಿ ಬರುವ ನಂಬರ್ ತೀರಿಹೋದ ಮಾವನದು, ಅದು ಈಗ ಚಾಲ್ತಿಯಲ್ಲಿಲ್ಲ.

"ಆಧಾರ್ ಶರಿಯಾಕ್ಕಿಟ್ಟ್ ವರೂ" ಎಂದರು ನಿಮ್ಮ ಸಿಬ್ಬಂದಿ. ಆಧಾರ್ ಸರಿ ಮಾಡಿಸಿಕೊಂಡು ಬರಬೇಕಂತೆ, ಸ್ಟ್ರೆಚರಿನಲ್ಲಿ ಮಲಗಿದವರು! ಬೇರೆ ದಾರಿ ಇಲ್ವಾ ಎಂದು ಕೈಮುಗಿದು ಕೇಳಿದೆ. ಇಲ್ಲ ಎಂದರು. ಆಮೇಲೆ, ಹಿಂದೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ, "ಕಾರ್ಡು ಇವರದ್ದೇ ಅಂತ ನಾವು ಹೇಗೆ ನಂಬುವುದು? ಬೇರೆಯವರ ಕಾರ್ಡು ತರುವವರು ಜಾಸ್ತಿ" ಎಂದರು. ಅತ್ತೆಗೆ ಮಲಯಾಳಂ ಅರ್ಥವಾಗುತ್ತದೆ. ಆ ನೋವಿನಲ್ಲೂ ತಲೆ ಎತ್ತಿ, "ನಾನು ಕದ್ದು ತಂದದ್ದಾ ಮಗಾ?" ಎಂದು ಕೇಳಿದರು. ನಿಮ್ಮವರು ಉತ್ತರ ಕೊಡಲಿಲ್ಲ. ಒಂದು ಫಾರಂ ತಳ್ಳಿ, ಸೈನ್ ಮಾಡಿ ಕ್ಯಾಶ್ ಕಟ್ಟಿ ಎಂದರು.

ಫಾರಂ ಪೂರ್ತಿ ಮಲಯಾಳಂನಲ್ಲಿತ್ತು. ನನಗೆ ಆಡಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಏನು ಬರೆದಿದೆ ಎಂದು ಕೇಳಿದ್ದಕ್ಕೆ "ಅಡ್ಮಿಷನ್ ಫಾರಂ" ಎಂದರು. ಅದರ ಫೋಟೋವನ್ನು ಆಮೇಲೆ ನಮ್ಮ ಪಕ್ಕದ ಮನೆಯ ಟೀಚರ್ ಓದಿದಾಗ ಗೊತ್ತಾಯಿತು, ಯೋಜನೆಯ ಸೌಲಭ್ಯ ನಮಗೆ ಬೇಡ, ಸ್ವಂತ ಇಷ್ಟದಿಂದ ಹಣ ಕಟ್ಟುತ್ತೇವೆ ಎಂದು ಅದರಲ್ಲಿತ್ತು. ಸ್ವಂತ ಇಷ್ಟ! ಆ ಹಣಕ್ಕಾಗಿ ನನ್ನ ಕರಿಮಣಿ ಸರ ಸಹಕಾರಿ ಬ್ಯಾಂಕಿನಲ್ಲಿ ಅಡವಿಗೆ ಹೋಯಿತು.

ಮುಂದಿನ ಪಾಳಿಯಲ್ಲಿ ಬಂದ ಹುಡುಗಿಗೆ ನಾನು ಋಣಿ. ಅವಳು ವಾರ್ಡಿಗೇ ಬಂದು ಮೊಬೈಲನ್ನು ಅತ್ತೆಯ ಮುಖದ ಎದುರು ಹಿಡಿದು, "ಒಮ್ಮೆ ಕಣ್ಣು ಮಿಟುಕಿಸಿ ಅಜ್ಜೀ" ಎಂದಳು. ಕೆಲಸ ಆಯಿತು. ಬೆರಳಚ್ಚು ಬೀಳದಿದ್ದರೆ ಮುಖ ನೋಡಿ, ಕಣ್ಣಿನ ಪಾಪೆ ನೋಡಿ ಗುರುತಿಸುವ ವ್ಯವಸ್ಥೆ ಇದೆ ಎಂದು ನನಗೆ ಗೊತ್ತಾದದ್ದೇ ಆಗ. ನಿಮ್ಮ ಮೊದಲನೆಯ ಸಿಬ್ಬಂದಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿಲ್ಲದಿದ್ದರೆ ಅವರನ್ನು ಅಲ್ಲಿ ಕೂರಿಸಿದ್ದು ಯಾಕೆ? ಗೊತ್ತಿದ್ದೂ ಹೇಳದಿದ್ದರೆ ಅದಕ್ಕೆ ಏನೆನ್ನಬೇಕು?

ಆಪರೇಷನ್‌ಗೆ ಯೋಜನೆಯಲ್ಲೇ ಮಂಜೂರಾತಿ ಬಂತು. ಆದರೆ ನಾವು ಕಟ್ಟಿದ ಹಣ ಇನ್ನೂ ನಿಮ್ಮಲ್ಲೇ ಇದೆ. ಕೇಳಿದರೆ "ನೀವೇ ಸೈನ್ ಮಾಡಿದ್ದೀರಲ್ಲ" ಎನ್ನುತ್ತೀರಿ. ಓದಿ ಹೇಳದೆ ಹಾಕಿಸಿಕೊಂಡ ಸೈನನ್ನು ನನ್ನ ಮುಖಕ್ಕೇ ಹಿಡಿಯುತ್ತೀರಾ?

ಹಣ ಪೂರ್ತಿ ವಾಪಸ್ ಬರಬೇಕು. ನನ್ನಿಂದ ಸೈನ್ ಹಾಕಿಸಿಕೊಂಡ ಫಾರಂನ ದೃಢೀಕೃತ ಪ್ರತಿ ಬೇಕು. ಆ ಸಿಬ್ಬಂದಿ ಅತ್ತೆಯ ಹತ್ತಿರ ಬಂದು ಕ್ಷಮೆ ಕೇಳಬೇಕು. ನನಗೆ ಹಣಕ್ಕಿಂತ ಇದೇ ದೊಡ್ಡದು.

ಈ ಪತ್ರದ ಪ್ರತಿಯನ್ನು ಯೋಜನೆ ನಡೆಸುವ ರಾಜ್ಯ ಆರೋಗ್ಯ ಏಜೆನ್ಸಿಗೂ ಕಳಿಸಿದ್ದೇನೆ, ಕನ್ನಡದಲ್ಲೇ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಇಲ್ಲಿನ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಯೋಜನೆಯ ಸಹಾಯವಾಣಿ 14555ಕ್ಕೂ ದೂರು ಕೊಟ್ಟಾಗಿದೆ. ಕಾರ್ಡಿನವರಿಂದ ಹಣ ಪಡೆದ ಆಸ್ಪತ್ರೆಯನ್ನು ಯೋಜನೆಯ ಪಟ್ಟಿಯಿಂದಲೇ ತೆಗೆದುಹಾಕಲು ಅವಕಾಶ ಇದೆ ಎಂಬುದು ನಿಮಗೂ ಗೊತ್ತು.

ಈ ತಿಂಗಳೊಳಗೆ ಉತ್ತರ ಬರದಿದ್ದರೆ ಕಾಸರಗೋಡು ವಿದ್ಯಾನಗರದ ಕಲೆಕ್ಟರೇಟಿಗೆ ಹೋಗಿ ಜಿಲ್ಲಾ ದೂರು ಪರಿಹಾರ ಸಮಿತಿಯ ಮುಂದೆ ಕೂರುತ್ತೇನೆ. ಒಬ್ಬಳೇ ಹೋಗುವುದಿಲ್ಲ. ಕಟ್ಟಿದ ಬೀಡಿ ಕೊಡುವ ನಮ್ಮ ಬ್ರಾಂಚಿನ ಹೆಂಗಸರೆಲ್ಲ ಬರುತ್ತೇವೆ ಎಂದಿದ್ದಾರೆ. ಅವರ ಕೈಯಲ್ಲೂ ಇದೇ ಕಾರ್ಡು, ಅವರ ಬೆರಳೂ ಹೀಗೇ ಸವೆದಿದೆ.

ಇತಿ,
ಮಂಜೇಶ್ವರ ತಾಲೂಕಿನ ನಿಮ್ಮ ರೋಗಿಯ ಸೊಸೆ